ಅಂಶ ಇದೆ, ಛೇದ ಎಲ್ಲಿ? 78 ಅಂಕದ ಮಗಳು ಮತ್ತು ಒಂದು ಪ್ರವೇಶ ಸಲಹಾ ಸಂಸ್ಥೆ

ಹೊರದೇಶದ ಕಾಲೇಜು ಪ್ರವೇಶಕ್ಕೆ ಸಲಹೆ ಕೊಡುವ ಒಂದು ಸಂಸ್ಥೆಗೆ ಐದರಲ್ಲಿ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಆ ಮೂರರಲ್ಲಿ ಎರಡು ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗಿಗೆ ಸಲ್ಲಬೇಕು, ಉಳಿದ ಒಂದು ಅವರ ತಾರೀಖುಗಳ ಪಟ್ಟಿಗೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಸೇರುವ ಮುನ್ನ ನಾಲ್ಕು ಕಡೆ ವಿಚಾರಿಸಿದ್ದೆ, ನಾಲ್ಕೂ ಒಂದೇ ಅಚ್ಚಿನವು. ಹಾಗಾಗಿ ಹೆಸರು ಹೇಳಿದರೂ ಹೇಳದಿದ್ದರೂ ನಿಮಗೆ ಆಗುವ ಉಪಯೋಗ ಅಷ್ಟೇ.

ಮೊದಲು ನಮ್ಮ ಸ್ಥಿತಿ ಹೇಳಿಬಿಡುತ್ತೇನೆ. ನನ್ನದು ಆಡಿಟ್ ಕೆಲಸ, ಬೇರೆಯವರ ಲೆಕ್ಕವನ್ನು ಅನುಮಾನದಿಂದ ನೋಡಿಯೇ ಸಂಬಳ ಪಡೆಯುವವಳು. ಮಗಳು ಓದಿನಲ್ಲಿ ಸಾಧಾರಣ. ನೂರಕ್ಕೆ 78ರ ಆಸುಪಾಸು. ಒಲಿಂಪಿಯಾಡ್ ಇಲ್ಲ, ಪದಕ ಇಲ್ಲ, ವೇದಿಕೆ ಹತ್ತಿದ್ದು ಒಂದೇ ಸಲ, ಅದೂ ಗುಂಪುಗಾಯನದ ಹಿಂದಿನ ಸಾಲಿನಲ್ಲಿ. ಇಷ್ಟಾದರೂ ಹೊರದೇಶದಲ್ಲಿ, ಅದೂ ಸುಲಭಕ್ಕೆ ಸೀಟು ಕೊಡದ ಕಡೆಯೇ ಓದಬೇಕೆಂಬ ಆಸೆ ಅವಳದು. ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ, ಆಗುತ್ತದೆ ಎನ್ನಲು ಧೈರ್ಯ ಬರಲಿಲ್ಲ. ಅದಕ್ಕೇ ಸಲಹೆಗಾರರ ಬಾಗಿಲು ತಟ್ಟಿದ್ದು.

ಅವರ ಕಚೇರಿಯೊಳಗೆ ಕಾಲಿಟ್ಟ ಕೂಡಲೇ ಕಾಣುವುದು ಒಂದು ಗೋಡೆ. ಗೋಡೆಯ ತುಂಬ ಮಕ್ಕಳ ನಗುಮುಖಗಳು, ಪ್ರತಿ ಮುಖದ ಕೆಳಗೆ ಒಂದು ವಿಶ್ವವಿದ್ಯಾಲಯದ ಲಾಂಛನ. ಕಾಯುತ್ತಾ ಕುಳಿತವಳು ಎಣಿಸಿದೆ: 46. ಹಿರಿಯ ಸಲಹೆಗಾರರು ಬಂದು ಕುಳಿತ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ, "ಈ 46 ಮಕ್ಕಳು ಸರಿ, ಒಟ್ಟು ಎಷ್ಟು ಜನ ನಿಮ್ಮಲ್ಲಿಗೆ ಬಂದಿದ್ದರು?"

"ನಮ್ಮ ಯಶಸ್ಸಿನ ಪ್ರಮಾಣ ತುಂಬ ಚೆನ್ನಾಗಿದೆ, ಮೇಡಂ."

"ಚೆನ್ನಾಗಿದೆ ಎಂದರೆ ಎಷ್ಟಕ್ಕೆ ಎಷ್ಟು?"

ಆಮೇಲೆ ಬಂದದ್ದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಮಗಳು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು: "ಅಂಶ ಇದೆ ಅಮ್ಮ, ಛೇದ ಇಲ್ಲ." ಆ ವಾರವಷ್ಟೇ ಅವಳು ತಮ್ಮನಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಳು.

ವಿಚಿತ್ರ ಎಂದರೆ, ಆ ವಿಶ್ವವಿದ್ಯಾಲಯಗಳೇ ತಮ್ಮ ಛೇದವನ್ನು ಮುಚ್ಚಿಡುವುದಿಲ್ಲ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಅರ್ಜಿ ಹಾಕಿದ 100 ಜನರಲ್ಲಿ ಐದು ಮಂದಿಗೂ ಸೀಟು ಸಿಗುವುದಿಲ್ಲ ಎಂಬುದು ಅವರದೇ ಅಂಕಿಅಂಶಗಳಿಂದ ತಿಳಿಯುತ್ತದೆ. ಮರೆಮಾಚುವವರು ನಡುವೆ ನಿಂತವರು ಮಾತ್ರ.

ಎರಡನೆಯ ಭೇಟಿಯಲ್ಲಿ "ಪ್ರೊಫೈಲ್ ಕಟ್ಟುವ ಯೋಜನೆ" ಎಂಬ ಹೊಳೆಯುವ ಕಾಗದದ ಪುಸ್ತಿಕೆ ಕೈಗೆ ಬಂತು. ಅದರ ಪ್ರಕಾರ ಮಗಳು ಎಂಟು ತಿಂಗಳಲ್ಲಿ ಒಂದು ಸೇವಾ ಸಂಸ್ಥೆ ಸ್ಥಾಪಿಸಬೇಕು, ಒಂದು ಸಂಶೋಧನಾ ಪ್ರಬಂಧ ಪ್ರಕಟಿಸಬೇಕು (ಪ್ರಕಟಣೆಯ ಶುಲ್ಕ ಬೇರೆ), ಒಂದು ಆ್ಯಪ್ ತಯಾರಿಸಬೇಕು. ಹದಿನೇಳರ ಹುಡುಗಿಗೆ! ನಲವತ್ತಾರರ ನನ್ನಿಂದ ಇವತ್ತಿನವರೆಗೆ ಈ ಮೂರರಲ್ಲಿ ಒಂದೂ ಆಗಿಲ್ಲ. ಯಾವ ವಿಷಯದ ಸಂಶೋಧನೆ ಎಂದು ಮಗಳು ಕೇಳಿದಳು. "ವಿಷಯ ನಾವೇ ಕೊಡುತ್ತೇವೆ" ಎಂದರು. ಅಲ್ಲಿಗೆ ನನ್ನ ಕಣ್ಣಲ್ಲಿ ಒಂದು ನಕ್ಷತ್ರ ಉದುರಿತು.

ಇನ್ನು ಆ ಹೊಸ ಹುಡುಗಿಯ ವಿಷಯ. ಮಕ್ಕಳು ಅರ್ಜಿಯ ಜೊತೆ ತಮ್ಮ ಬಗ್ಗೆ ಬರೆದು ಕಳಿಸಬೇಕಾದ ಪ್ರಬಂಧಗಳನ್ನು ಓದಿ ತಿದ್ದುವ ಕೆಲಸ ಅವಳದು. ಮೊದಲ ವೀಡಿಯೊ ಕರೆಯಲ್ಲಿ ಮಗಳು ಏನೋ ಬರೆದುಕೊಳ್ಳಲು ಕೈಗೆ ಸಿಕ್ಕ ನೋಟ್‌ಬುಕ್ ತೆರೆದಳು. "ಅದರಲ್ಲಿ ಮೂರು ಬಣ್ಣದ ಗೆರೆಗಳಿವೆಯಲ್ಲ, ಏನದು?" ಎಂದು ಆ ಹುಡುಗಿ ಕೇಳಿದಳು. ಮಗಳಿಗೆ ಮುಜುಗರ. ಅದು ಅವಳ ತಪ್ಪಿನ ಪುಸ್ತಕ. ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಒಮ್ಮೆ ಫೇಲಾದ ಮೇಲೆ ಶುರು ಮಾಡಿದ್ದು. ಪರೀಕ್ಷೆಯಲ್ಲಿ ಆದ ಪ್ರತಿ ತಪ್ಪನ್ನೂ ಬರೆದು, ಪಕ್ಕದಲ್ಲಿ ಗೆರೆ ಎಳೆಯುತ್ತಾಳೆ: ಗೊತ್ತಿಲ್ಲದ್ದಕ್ಕೆ ಕೆಂಪು, ಅವಸರಕ್ಕೆ ನೀಲಿ, ಪ್ರಶ್ನೆಯನ್ನು ಸರಿಯಾಗಿ ಓದದೆ ಹೋದದ್ದಕ್ಕೆ ಹಸಿರು. ಪುಸ್ತಕದ ತುಂಬ ಹಸಿರೇ ಹಸಿರು. ಅರ್ಥಾತ್ ಮಗಳಿಗೆ ಗಣಿತ ಬಾರದೆ ಅಲ್ಲ, ಪ್ರಶ್ನೆ ಮುಗಿಯುವ ಮೊದಲೇ ಉತ್ತರಕ್ಕೆ ಕೈಹಾಕುವ ಚಾಳಿ. (ಆ ಚಾಳಿ ನನ್ನ ಗಂಡನ ಕಡೆಯಿಂದ ಬಂದದ್ದು.) ಮೂರು ವರ್ಷದಿಂದ ಒಂದೇ ಮನೆಯಲ್ಲಿದ್ದು ನಾನು ಆ ಪುಸ್ತಕವನ್ನು ತೆರೆದು ನೋಡಿರಲಿಲ್ಲ. ಲೆಕ್ಕ ತಪಾಸಣೆ ಮಾಡುವವಳ ಮಗಳು ತನ್ನ ತಪಾಸಣೆಯನ್ನು ತಾನೇ ಮಾಡಿಕೊಂಡಿದ್ದಳು, ನನಗೆ ಸುದ್ದಿಯೇ ಇಲ್ಲ.

"ಇದನ್ನೇ ಬರೆಯಿರಿ" ಎಂದಳು ಆ ಹುಡುಗಿ. ಅಷ್ಟೇ ಅವಳು ಹೇಳಿದ್ದು. ಆಮೇಲೆ ಏಳು ಕರಡುಗಳನ್ನು ಓದಿದಳು, ಒಂದು ವಾಕ್ಯವನ್ನೂ ತಾನು ಬರೆದುಕೊಡಲಿಲ್ಲ. ಅಂಚಿನಲ್ಲಿ ಪ್ರಶ್ನೆ ಮಾತ್ರ ಹಾಕುತ್ತಿದ್ದಳು: "ಆ ದಿನ ಉತ್ತರ ಪತ್ರಿಕೆಯನ್ನು ಎಲ್ಲಿ ಬಚ್ಚಿಟ್ಟಿರಿ?" "ಹಸಿರು ಕಡಿಮೆಯಾಯಿತೇ?" ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಮುಖ್ಯ ಪ್ರಬಂಧಕ್ಕೆ ಇರುವ ಜಾಗ 650 ಪದ. ಮಗಳ ಮೊದಲ ಕರಡು 1,100 ಪದ ಇತ್ತು, ಅದರಲ್ಲಿ 400 ಪದ ಬರೇ ಪೀಠಿಕೆ.

ಅದೇ ಅರ್ಜಿಯಲ್ಲಿ ಚಟುವಟಿಕೆಗಳ ಪಟ್ಟಿ ಇರುತ್ತದೆ. ಹತ್ತು ಚಟುವಟಿಕೆಗೆ ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ. ಪದವಲ್ಲ, ಅಕ್ಷರ, ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿ ಹಿರಿಯ ಸಲಹೆಗಾರರು ಮತ್ತೆ ಕೈಯಾಡಿಸಿದರು. ಅವರು ಕಳಿಸಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: "ಸ್ಥಾಪಕಿ ಮತ್ತು ನಿರ್ದೇಶಕಿ, ಗಣಿತ ಸಬಲೀಕರಣ ಅಭಿಯಾನ, ಹಿಂದುಳಿದ ಮಕ್ಕಳ ಬದುಕಿನಲ್ಲಿ ಪರಿವರ್ತನೆ." ಮಗಳು ಅದನ್ನು ಅಳಿಸಿ ಬರೆದದ್ದು: "ಪ್ರತಿ ಶನಿವಾರ ತಮ್ಮ ಮತ್ತು ಅವನ ಮೂವರು ಗೆಳೆಯರಿಗೆ ಭಿನ್ನರಾಶಿ ಹೇಳಿಕೊಡುವುದು. ಇಬ್ಬರು ಪಾಸಾದರು. ಒಬ್ಬ ಬರುವುದನ್ನೇ ಬಿಟ್ಟ." ನಾಲ್ಕನೆಯವನು ಯಾರು ಎಂದು ಕೇಳಬೇಡಿ, ಅವನು ನನ್ನ ಮಗ. ಬಿಟ್ಟುಹೋದವನ ವಿಷಯ ತೆಗೆಯಿರಿ ಎಂದು ಹಿರಿಯರು ಎರಡು ಸಲ ಹೇಳಿದರು. ಮಗಳು ತೆಗೆಯಲಿಲ್ಲ.

ಈಗ ವಿಶ್ವವಿದ್ಯಾಲಯಗಳ ಪಟ್ಟಿ. ಅವರು ಕೊಟ್ಟ 14 ಹೆಸರುಗಳಲ್ಲಿ ಎಂಟು ನಾವು ಕೇಳಿಯೇ ಇರಲಿಲ್ಲ. ಕೇಳದೆ ಇರುವುದು ತಪ್ಪಲ್ಲ, ನನ್ನ ಅಜ್ಞಾನ ದೊಡ್ಡದೇ. ಆದರೆ ಆ ಎಂಟರ ಎದುರಿಗೂ "ಪ್ರವೇಶ ಖಚಿತ" ಎಂದಿತ್ತು. ಈ ವ್ಯವಹಾರದ ಒಳಗುಟ್ಟು ತಿಳಿಯದವರಿಗೆ ಒಂದು ಮಾತು: ಹಲವು ದೇಶಗಳ ವಿಶ್ವವಿದ್ಯಾಲಯಗಳು ತಮಗೆ ವಿದ್ಯಾರ್ಥಿಯನ್ನು ಕಳಿಸಿಕೊಟ್ಟ ಏಜೆಂಟರಿಗೆ ಕಮಿಷನ್ ಕೊಡುತ್ತವೆ, ಸಾಮಾನ್ಯವಾಗಿ ಮೊದಲ ವರ್ಷದ ಶುಲ್ಕದ ಒಂದು ಪಾಲು. ಅಮೆರಿಕದಲ್ಲಿ ಸ್ವದೇಶಿ ವಿದ್ಯಾರ್ಥಿಗಳನ್ನು ತಲೆಗಿಷ್ಟು ಎಂದು ಹಣ ಕೊಟ್ಟು ಸೇರಿಸಿಕೊಳ್ಳುವುದಕ್ಕೆ 1992ರಿಂದ ಕಾನೂನಿನ ತಡೆ ಇದೆ, ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಮಾತ್ರ ಆ ತಡೆಗೆ ವಿನಾಯಿತಿ. "ಉಚಿತ ಸಲಹೆ" ಎಂಬ ಫಲಕದ ಹಿಂದೆ ಇರುವುದು ಇದೇ ಹಣ. ನಮ್ಮವರು ನಮ್ಮಿಂದಲೂ ಶುಲ್ಕ ತೆಗೆದುಕೊಂಡಿದ್ದರು. ಹಾಗಾಗಿ ನೇರವಾಗಿಯೇ ಕೇಳಿದೆ. "ಕೆಲವು ಕಡೆಯಿಂದ ಬರುತ್ತದೆ, ಮೇಡಂ" ಎಂದರು. ಸುಳ್ಳು ಹೇಳಲಿಲ್ಲ, ಅದು ಅವರ ದೊಡ್ಡತನ. ಆದರೆ ಕೇಳದಿದ್ದರೆ ಹೇಳುತ್ತಿರಲಿಲ್ಲ.

ಪಟ್ಟಿಯನ್ನು ನಾವೇ ಹೊಸದಾಗಿ ಕಟ್ಟಿದೆವು. ಅದಕ್ಕೆ ಬಳಸಿದ್ದು ಯಾವ ಸಲಹೆಗಾರರೂ ನನಗೆ ಹೇಳದ ಒಂದು ದಾಖಲೆ, ಕಾಮನ್ ಡೇಟಾ ಸೆಟ್. ಅಮೆರಿಕದ ಅನೇಕ ಕಾಲೇಜುಗಳು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ತಮ್ಮ ಅಂಕಿಅಂಶಗಳನ್ನು ತುಂಬಿ ಜಾಲತಾಣದಲ್ಲಿ ಇಡುತ್ತವೆ. ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಸೀಟು ಕೊಟ್ಟರು ಎಂಬುದು ಅದರ ಸಿ1 ಭಾಗದಲ್ಲಿದೆ. ಸಿ7 ಎಂಬ ಕೋಷ್ಟಕ ಇನ್ನೂ ರುಚಿಕರ: ಅಂಕ, ಆಯ್ದ ವಿಷಯಗಳ ಕಠಿಣತೆ, ಪ್ರಬಂಧ, ಶಿಫಾರಸು ಪತ್ರ, ಕೊನೆಗೆ ಅರ್ಜಿದಾರರು ತೋರಿಸಿದ ಆಸಕ್ತಿ, ಹೀಗೆ ಒಂದೊಂದರ ಮುಂದೆಯೂ "ಬಹಳ ಮುಖ್ಯ", "ಮುಖ್ಯ", "ಪರಿಗಣಿಸುತ್ತೇವೆ", "ಪರಿಗಣಿಸುವುದಿಲ್ಲ" ಎಂದು ಗುರುತು ಹಾಕಿರುತ್ತಾರೆ. 78 ಅಂಕದವಳಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಹೊರದೇಶದ ಮಕ್ಕಳಿಗೆ ಹಣದ ನೆರವು ಕೊಡುತ್ತಾರೋ ಇಲ್ಲವೋ ಎಂಬುದು ಎಚ್6ರಲ್ಲಿ ಸಿಗುತ್ತದೆ. ಒಂದು ಭಾನುವಾರ ಪೂರ್ತಿ ನಾವಿಬ್ಬರೂ ಇದನ್ನೇ ಓದಿದೆವು. ಅಮ್ಮ ಮಗಳು ಅಷ್ಟು ಹೊತ್ತು ಜಗಳವಿಲ್ಲದೆ ಕುಳಿತದ್ದು ಅದೇ ಮೊದಲು.

ನೆರವಿನ ಮಾತು ಬಂದದ್ದರಿಂದ ಸಂಸ್ಥೆಯ ಇನ್ನೊಂದು ಎಡವಟ್ಟನ್ನೂ ಹೇಳುತ್ತೇನೆ. ಒಂದು ಕಾಲೇಜಿಗೆ "ಅರ್ಲಿ ಡಿಸಿಷನ್" ಹಾಕೋಣ, ಅವಕಾಶ ಹೆಚ್ಚುತ್ತದೆ ಎಂದು ಒತ್ತಾಯಿಸಿದರು. ಅವಕಾಶ ಹೆಚ್ಚಬಹುದು, ಆದರೆ ಅದು ಕಟ್ಟುಪಾಡಿನ ಅರ್ಜಿ. ಸೀಟು ಸಿಕ್ಕರೆ ಸೇರುತ್ತೇನೆ, ಉಳಿದ ಅರ್ಜಿಗಳನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ವಿದ್ಯಾರ್ಥಿ, ಪೋಷಕರು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ನೆರವು ಸಾಲದೆ ಹೋದರೆ ಮಾತ್ರ ಬಿಡಿಸಿಕೊಳ್ಳುವ ದಾರಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್ ಮುಂತಾದ ಬೆರಳೆಣಿಕೆಯ ಕಡೆ ಬಿಟ್ಟರೆ, ವಿದೇಶಿ ವಿದ್ಯಾರ್ಥಿ ನೆರವು ಕೇಳಿದ ಎಂಬುದು ಆಯ್ಕೆಯ ತೀರ್ಮಾನದಲ್ಲೇ ಲೆಕ್ಕಕ್ಕೆ ಬರುತ್ತದೆ. ಇದಿಷ್ಟನ್ನೂ ನಾನು ಓದಿ ತಿಳಿದುಕೊಂಡದ್ದು, ಅವರು ಹೇಳಿದ್ದಲ್ಲ. ಬೆಲೆ ಗೊತ್ತಿಲ್ಲದ ಕರಾರಿಗೆ ಸಹಿ ಹಾಕುವ ಕಕ್ಷಿದಾರರನ್ನು ನಾನು ಕಚೇರಿಯಲ್ಲಿ ಬೈಯುತ್ತೇನೆ. ಇಲ್ಲಿ ನಾನೇ ಹಾಕಲೇ?

ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್ಎಟಿ ಪರೀಕ್ಷೆಯ ತರಬೇತಿ ಪ್ಯಾಕೇಜನ್ನೂ ಮಾರಲು ನೋಡಿದರು. ತೆಗೆದುಕೊಳ್ಳಲಿಲ್ಲ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ಣ ಮಾದರಿ ಪರೀಕ್ಷೆಗಳು ಉಚಿತ, ಖಾನ್ ಅಕಾಡೆಮಿಯ ಅಭ್ಯಾಸ ಪಾಠಗಳೂ ಉಚಿತ. ಈಗಿನ ಪರೀಕ್ಷೆ ಕಂಪ್ಯೂಟರಿನಲ್ಲಿ, 2 ಗಂಟೆ 14 ನಿಮಿಷ, 98 ಪ್ರಶ್ನೆ. ಪ್ರತಿ ವಿಭಾಗದ ಮೊದಲ ಅರ್ಧವನ್ನು ಹೇಗೆ ಮಾಡುತ್ತೀರೋ ಅದರ ಮೇಲೆ ಎರಡನೆಯ ಅರ್ಧದ ಕಾಠಿಣ್ಯ ನಿರ್ಧಾರವಾಗುತ್ತದೆ. ಹಸಿರು ಗೆರೆಯವರು ಮೊದಲರ್ಧದಲ್ಲೇ ಮುಗ್ಗರಿಸುವುದು. ಮಗಳ ಮೊದಲ ಮಾದರಿ ಅಂಕ 1600ಕ್ಕೆ 1090, ಕೊನೆಗೆ ನಿಜವಾದ ಪರೀಕ್ಷೆಯಲ್ಲಿ ಬಂದದ್ದು 1310. ನಡುವೆ ಇದ್ದದ್ದು ಐದು ತಿಂಗಳು ಮತ್ತು ಆ ನೋಟ್‌ಬುಕ್. 1310 ಬೆರಗುಗೊಳಿಸುವ ಅಂಕವೇನಲ್ಲ, ನನಗೆ ಗೊತ್ತು.

ಸಂಸ್ಥೆಯ ಕೈಪಿಡಿಯಲ್ಲಿ "ಎಸ್ಎಟಿ ಈಗ ಎಲ್ಲೂ ಕಡ್ಡಾಯವಲ್ಲ" ಎಂದಿತ್ತು. ಆದರೆ ಎಂಐಟಿ 2022ರಲ್ಲೇ ಕಡ್ಡಾಯವನ್ನು ಮರಳಿ ತಂದಿತ್ತು. 2024ರಲ್ಲಿ ಡಾರ್ಟ್ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್ಟೆಕ್ ಕೂಡ ಅದೇ ದಾರಿ ಹಿಡಿದವು. ಅದಕ್ಕೆ ತದ್ವಿರುದ್ಧವಾಗಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಆಯ್ಕೆಯಲ್ಲಿ ಆ ಅಂಕವನ್ನು ನೋಡುವುದೇ ಇಲ್ಲ. ಹಳಸಿದ್ದು ಇದೊಂದೇ ಅಲ್ಲ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಒಟ್ಟಾಗಿ ಹಾಕುವ ಯುಕಾಸ್ ಅರ್ಜಿಗೆ, ಅರ್ಜಿದಾರರು ತಮ್ಮ ಬಗ್ಗೆ ಬರೆಯುವ ಒಂದೇ ಉದ್ದನೆಯ ಹೇಳಿಕೆಯ ಮಾದರಿ ಕಳಿಸಿದರು. 2026ರ ಪ್ರವೇಶದಿಂದ ಅದು ಮೂರು ಪ್ರಶ್ನೆಗಳಾಗಿ ಬದಲಾಗಿದೆ: ಈ ವಿಷಯ ಯಾಕೆ, ಇದುವರೆಗಿನ ಓದು ಅದಕ್ಕೆ ಹೇಗೆ ಸಿದ್ಧಗೊಳಿಸಿದೆ, ಓದಿನ ಆಚೆ ಏನು ಮಾಡಿದ್ದೀರಿ. ಮೂರಕ್ಕೂ ಸೇರಿ 4,000 ಅಕ್ಷರ. ಮಗಳು ಹಳೆಯ ಮಾದರಿಯಲ್ಲಿ ಎರಡು ವಾರ ಬರೆದದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು. ಕ್ಷಮೆ ಕೇಳಲು ಫೋನ್ ಮಾಡಿದ್ದು ಯಾರು ಎಂದು ಊಹಿಸಿ. ಅದೇ ಹೊಸ ಹುಡುಗಿ.

ತಾರೀಖುಗಳ ಪಟ್ಟಿಯನ್ನು ಮಾತ್ರ ಹೊಗಳಲೇಬೇಕು. ಆಗಸ್ಟ್ 1ಕ್ಕೆ ಕಾಮನ್ ಆ್ಯಪ್ ತೆರೆಯುವುದು, ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜ್‌ಗಾದರೆ ಅಕ್ಟೋಬರ್ 15 (ಒಂದೇ ವರ್ಷ ಎರಡಕ್ಕೂ ಹಾಕುವಂತಿಲ್ಲ), ಯುಕಾಸ್‌ನಲ್ಲಿ ಒಟ್ಟು ಐದೇ ಆಯ್ಕೆ, ಶಿಕ್ಷಕರಿಗೆ ಶಿಫಾರಸು ಪತ್ರ ನೆನಪಿಸಬೇಕಾದ ದಿನ, ಎಲ್ಲವೂ ಒಂದೇ ಹಾಳೆಯಲ್ಲಿ, ತಪ್ಪಿಲ್ಲದೆ. ಅದನ್ನು ಕಪಾಟಿನ ಬಾಗಿಲಿಗೆ ಅಂಟಿಸಿದ್ದೆವು, ಇನ್ನೂ ತೆಗೆದಿಲ್ಲ.

ಫಲಿತಾಂಶ ಹೀಗಿದೆ. ಹಾಕಿದ ಅರ್ಜಿ 11, ಸೀಟು ಕೊಟ್ಟವರು ನಾಲ್ವರು. ಅತಿ ದೊಡ್ಡ ಹೆಸರಿನ ಎರಡೂ ಕಡೆ ತಿರಸ್ಕಾರ, ನಿರೀಕ್ಷಿಸಿದ್ದೇ. ಒಂದು ಕಡೆ ಕಾಯುವ ಪಟ್ಟಿ. ನಾಲ್ಕರಲ್ಲಿ ಒಂದು, ಅರ್ಜಿ ಹಾಕಿದ ನಾಲ್ವರಲ್ಲಿ ಒಬ್ಬರಿಗಷ್ಟೇ ಸೀಟು ಕೊಡುವ ಸಣ್ಣ ಕಾಲೇಜು. ಅವಳು ಹೋಗುವುದು ಅಲ್ಲಿಗೆ. ಪ್ರವೇಶ ಪತ್ರದ ಕೊನೆಯಲ್ಲಿ ಯಾರೋ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದರು, ಶನಿವಾರದ ಪಾಠ ಬಿಟ್ಟುಹೋದ ಹುಡುಗ ವಾಪಸ್ ಬಂದನೇ ಎಂದು. ಬಂದಿಲ್ಲ.

ಸೀಟು ಸಿಕ್ಕ ಸುದ್ದಿ ತಿಳಿದ ವಾರವೇ ಸಂಸ್ಥೆಯಿಂದ ಸಂದೇಶ ಬಂತು, ಗೋಡೆಗೆ ಹಾಕಲು ಮಗಳ ಫೋಟೊ ಬೇಕೆಂದು. ಮಗಳು ಒಪ್ಪಿದಳು. ಲಾಂಛನದ ಪಕ್ಕದಲ್ಲಿ 78 ಎಂದೂ, ಅದರ ಕೆಳಗೆ 4/11 ಎಂದೂ ಬರೆಯುವುದಾದರೆ ಫೋಟೊ ಕಳಿಸುತ್ತೇನೆ ಎಂದು ಉತ್ತರಿಸಿದಳು. ಎರಡು ತಿಂಗಳಾಯಿತು, ಮರುಮಾತಿಲ್ಲ. ಹೊಸ ಹುಡುಗಿ ಆ ಕೆಲಸ ಬಿಟ್ಟಳಂತೆ.