ಕ್ಯೋಟೋದಲ್ಲಿ ಕಿಮೋನೊ ನೇಯ್ಗೆ ನೋಡಲು ಹೋಗ್ತೀರಾ? ಮೊದಲು ಇದನ್ನು ಓದಿ

ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಅವ್ವನ ತವರು ಇಳಕಲ್. ಮಗ್ಗದ ಸದ್ದಿನಲ್ಲೇ ಬೆಳೆದವಳು. ಜಪಾನ್‌ಗೆ ಕರೆದುಕೊಂಡು ಹೋದಾಗ ಅವಳಿಗೆ ನಿಶಿಜಿನ್ ನೇಯ್ಗೆ ತೋರಿಸಲೇಬೇಕು ಅಂದುಕೊಂಡಿದ್ದೆ. ನಿಶಿಜಿನ್ ಕ್ಯೋಟೋದ ನೇಕಾರರ ಪೇಟೆ. 1467ರಿಂದ 1477ರವರೆಗೆ ನಡೆದ ಒನಿನ್ ಯುದ್ಧದಲ್ಲಿ ಪಶ್ಚಿಮದ ಪಡೆ ಬೀಡುಬಿಟ್ಟಿದ್ದ ಜಾಗ. ಯುದ್ಧ ಮುಗಿದ ಮೇಲೆ ನೇಕಾರರು ಅಲ್ಲಿ ನೆಲೆ ನಿಂತರು. ಹೆಸರಿನ ಅರ್ಥವೂ 'ಪಶ್ಚಿಮದ ಬೀಡು' ಅಂತಲೇ.

ನಾನು ಬುಕ್ ಮಾಡಿದ್ದು ಮಾತ್ರ ಪ್ರವಾಸಿಗರ ಬೀದಿಯ ಒಂದು 'ನೇಯ್ಗೆ ಕೇಂದ್ರ'. ಒಳಗೆ ಇದ್ದದ್ದು ಒಂದೇ ಮಗ್ಗ. ಒಬ್ಬಾಕೆ ನಾಲ್ಕು ಸಲ ಲಾಳಿ ಎಸೆದು ಎದ್ದುಬಿಟ್ಟಳು. ಅವ್ವ ಬಗ್ಗಿ ಹಾಸಿನ ಎಳೆ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆ, ನೋಡಿದಳು. "ಧೂಳು ಕುಂತೈತಿ ನೋಡು. ಈ ಮಗ್ಗದಾಗ ಯಾರೂ ನೇಯಂಗಿಲ್ಲವಾ" ಅಂದಳು. ಆಗಲೇ ಹೊರಗೆ ಬರಬೇಕಿತ್ತು.

ಮಾಳಿಗೆಗೆ ಕರೆದೊಯ್ದು, ಸುಮ್ನೆ ಉಟ್ಟು ನೋಡಿ ಅಂತ ಅವ್ವನಿಗೆ ಕಿಮೋನೊ ಉಡಿಸಿದರು. ಮೇಲೆ ಒಬಿ, ಅಂದರೆ ಸೊಂಟಪಟ್ಟಿ, ಬಿಗಿದರು. ಅದನ್ನು ಬಿಚ್ಚುವುದು ನಮಗೆ ಬರುವುದಿಲ್ಲ, ಅಲ್ವಾ? ಮೂವರು ಸುತ್ತ ಕೂತು ಮಾತಾಡುತ್ತಲೇ ಇದ್ದರು. ಅರ್ಧ ಗಂಟೆಯ ಭೇಟಿ ಎರಡು ತಾಸಾಯಿತು. ಅವ್ವ ಸುಸ್ತಾಗಿದ್ದಳು. "ಕೈಮಗ್ಗದ್ದು, ಅಪ್ಪಟ ರೇಷ್ಮೆ" ಅಂದ ಆ ಒಬಿಗೆ 68,000 ಯೆನ್ ಕೊಟ್ಟೆ. ಲೇಬಲ್ ಕೇಳಿದರೆ "ಆಫೀಸಿನಲ್ಲಿದೆ, ಕಳಿಸುತ್ತೇವೆ" ಅಂದರು. ಅದು ಇವತ್ತಿಗೂ ಬಂದಿಲ್ಲ.

ಊರಿಗೆ ಬಂದ ಮೇಲೆ ಅವ್ವ ಅಂಚಿನ ಎಳೆಯೊಂದನ್ನು ಸುಟ್ಟು ನೋಡಿದಳು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಪುಡಿಯಾಗುತ್ತದೆ. ಇದು ಕರಗಿ ಗಟ್ಟಿ ಕರಿ ಉಂಡೆಯಾಯಿತು. ಪಾಲಿಯೆಸ್ಟರ್. ಅಂಗಡಿಯವರಿಗೆ ಬರೆದರೆ, ವಾಪಸ್ ಇಲ್ಲ ಅನ್ನುವ ಜಪಾನಿ ಕಾಗದಕ್ಕೆ ನಾನು ಸಹಿ ಹಾಕಿದ್ದೇನೆ ಅಂತ ಉತ್ತರ ಬಂತು. ದುಡ್ಡಿಗಿಂತ ಜಾಸ್ತಿ ನೋವಾದದ್ದು ಅವ್ವನ ಮುಖ ನೋಡಿ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಿಶಿಜಿನ್‌ನಲ್ಲೂ ಈಗ ಬಹುಪಾಲು ಪವರ್‌ಲೂಮ್. ಅದು ಮೋಸವಲ್ಲ. ಪಾಲಿಯೆಸ್ಟರನ್ನು ಕೈಮಗ್ಗದ ರೇಷ್ಮೆ ಅಂತ ಮಾರುವುದು ಮೋಸ. ಅಲ್ಲಿನ ತ್ಸುಝುರೆ ಅನ್ನುವ ಕೈಮಗ್ಗದ ನೇಯ್ಗೆಯಲ್ಲಿ ನೇಕಾರರು ಉಗುರನ್ನೇ ಗರಗಸದ ಹಲ್ಲಿನಂತೆ ಕೊರೆದುಕೊಂಡು, ಅದರಿಂದ ಹೊಕ್ಕಿನ (ಅಡ್ಡ) ಎಳೆಯನ್ನು ಒತ್ತಿ ಕೂರಿಸುತ್ತಾರೆ. ನಾಜೂಕು ವಿನ್ಯಾಸವಾದರೆ ದಿನವೆಲ್ಲ ಕೂತರೂ ಕೆಲವೇ ಸೆಂಟಿಮೀಟರ್. ಒಬಿಯ ಉದ್ದವೋ ಸಾಮಾನ್ಯವಾಗಿ ಮೂರೂವರೆ ಮೀಟರಿಗೂ ಹೆಚ್ಚು. ಆ ಕೆಲಸ ನಾನು ಕೊಟ್ಟ ಬೆಲೆಗೆ ಸಿಗುವುದೇ ಇಲ್ಲ. ಇದನ್ನು ಮೊದಲೇ ಓದಿಕೊಂಡು ಹೋಗಬೇಕಿತ್ತು.

ಹೊಸ ನಿಶಿಜಿನ್ ಒಬಿ ಕೊಳ್ಳುವುದಾದರೆ ಶೋಶಿ ಕೇಳಿ. ಅದು ನೇಕಾರರ ಸಂಘದ ಚೀಟಿ, ಕನ್ನಡಕದ ಆಕಾರದಲ್ಲಿರುತ್ತದೆ, ನೇಯಿಸಿದವರ ನಂಬರ್ ಅದರ ಮೇಲಿರುತ್ತದೆ. ಕೊಳ್ಳುವ ಮನಸ್ಸಿಲ್ಲದಿದ್ದರೆ ಉಡಿಸಿಕೊಳ್ಳಲೇಬೇಡಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ಜಪಾನ್‌ನಲ್ಲಿ ಇರುವಾಗಲೇ ಅನುಮಾನ ಬಂದರೆ 188ಕ್ಕೆ ಫೋನ್ ಮಾಡಿ, ಅದು ಅಲ್ಲಿನ ಗ್ರಾಹಕ ಸಹಾಯವಾಣಿ. ಜಪಾನಿ ಬಲ್ಲವರು ಜೊತೆಗಿದ್ದರೆ ಒಳ್ಳೆಯದು.

ನೆನಪಿಗೆ ಒಂದು ಒಬಿ ಸಾಕು ಅನ್ನುವವರು ತಿಂಗಳ 21ಕ್ಕೆ ತೋಜಿ ದೇವಸ್ಥಾನದ ಸಂತೆಗೆ, ಇಲ್ಲವೇ 25ಕ್ಕೆ ಕಿತಾನೊ ತೆನ್‌ಮಾಂಗು ಸಂತೆಗೆ ಹೋಗಿ. ಹಳೆಯ ಒಬಿಗಳನ್ನು ರಾಶಿ ಹಾಕಿರುತ್ತಾರೆ. ಹಿಂಬದಿ ತಿರುಗಿಸಿ ನೋಡಿ, ಮುಟ್ಟಿ ನೋಡಿ. ಅಲ್ಲಿ ಯಾರೂ ನಿಮ್ಮನ್ನು ಸುತ್ತುವರಿದು ಕೂರುವುದಿಲ್ಲ.