ಮಲೆನಾಡಿನ ಅಂಗಡಿಗೆ ಎಲ್‌ಇಡಿ ಬೋರ್ಡ್: ಮಳೆಗಾಲಗಳನ್ನು ದಾಟಿದ ಮೇಲೆ ಒಂದು ಅಭಿಪ್ರಾಯ

ಸಾಗರದ ಬಿ.ಎಚ್. ರಸ್ತೆಯಲ್ಲಿರುವ ನಮ್ಮ ಅಂಗಡಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ, ಮುರುಗಲು ಸಿಪ್ಪೆ ಎಲ್ಲವೂ ಸಿಗುತ್ತವೆ. ಆದರೆ ಹೊರಗಿನ ಬಣ್ಣದ ಫಲಕ ಹೇಳುವುದು ಅಂಗಡಿಯ ಹೆಸರನ್ನು ಮಾತ್ರ. ಜೋಗಕ್ಕೆ ಹೊರಟ ಪ್ರವಾಸಿಗರು ನಮ್ಮ ಬಾಗಿಲಲ್ಲೇ ನಿಂತು ಮಿಡಿ ಉಪ್ಪಿನಕಾಯಿ ಎಲ್ಲಿ ಸಿಗುತ್ತದೆಂದು ನಮ್ಮನ್ನೇ ವಿಚಾರಿಸುವುದನ್ನು ಕೇಳಿ ಕೇಳಿ ಬೇಸತ್ತು, ಮೊಬೈಲಿನಿಂದ ಬರಹ ಬದಲಿಸಬಹುದಾದ, ಕೆಂಪು ದೀಪಗಳ ಎಲ್‌ಇಡಿ ಬೋರ್ಡನ್ನು ಹಾಕಿಸಿದೆವು.

ಅದರ ದೊಡ್ಡ ಕೊರತೆ ಒತ್ತಕ್ಷರ. ಪಿ10 ಎಂದು ಮಾರುವ ಈ ಫಲಕಗಳಲ್ಲಿ ದೀಪದಿಂದ ದೀಪಕ್ಕೆ 10 ಮಿ.ಮೀ. ಅಂತರವಿದ್ದು, ಒಂದು ತುಂಡಿನಲ್ಲಿ ಅಡ್ಡಕ್ಕೆ 32, ಎತ್ತರಕ್ಕೆ 16 ದೀಪಗಳಿರುತ್ತವೆ. ಇಂಗ್ಲಿಷ್ ಅಕ್ಷರಗಳಿಗೆ ಅಷ್ಟು ಎತ್ತರ ಧಾರಾಳವಾಯಿತು. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು ಇರುವ ಕನ್ನಡಕ್ಕೆ ಸಾಲದು. ಮೊದಲ ಸಂಜೆ ದೀಪ ಹೊತ್ತಿದಾಗ 'ಹಪ್ಪಳ'ದ ಒತ್ತು ನಾಲ್ಕೈದು ಕೆಂಪು ಚುಕ್ಕೆಗಳಾಗಿ ಅಂಚಿನಲ್ಲಿ ಕಲಸಿಹೋಗಿತ್ತು. ಮಾರಿದವರನ್ನು ಕೇಳಿದರೆ, "ಇಂಗ್ಲಿಷಿನಲ್ಲೇ ಹಾಕಿ ಸಾರ್, ಎಲ್ಲರಿಗೂ ಗೊತ್ತಾಗುತ್ತದೆ" ಎಂಬ ಉತ್ತರ ಬಂತು. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಅದು ಹಾಗಿರಲಿ, ಜೋನಿಬೆಲ್ಲವನ್ನು ಡಬ್ಬಿಗಟ್ಟಲೆ ಒಯ್ಯುವವರು ಸುತ್ತಲಿನ ಹಳ್ಳಿಯವರೇ ಹೊರತು ಬೆಂಗಳೂರಿನ ಕಾರಿನವರಲ್ಲ. ಕೊನೆಗೆ ಕೆಳಗೊಂದು ಸಾಲು ತುಂಡುಗಳನ್ನು ಸೇರಿಸಿ ಎತ್ತರವನ್ನು 32 ದೀಪಗಳಿಗೆ ಏರಿಸಿ, ಬರಹವನ್ನು ಆ್ಯಪಿನೊಳಗೆ ಟೈಪಿಸುವ ಬದಲು ಕಂಪ್ಯೂಟರಿನಲ್ಲಿ ಚಿತ್ರವಾಗಿ ಮಾಡಿ ಕಳಿಸತೊಡಗಿದ ಮೇಲೆ ಒತ್ತುಗಳು ಸ್ಪಷ್ಟವಾದವು. ನಮ್ಮಂಥ ಸಣ್ಣ ಅಂಗಡಿಗೆ ಆ ಹೆಚ್ಚುವರಿ ಖರ್ಚು ಹಗುರವಲ್ಲ.

ಮಳೆಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. 'ಸೆಮಿ ಔಟ್‌ಡೋರ್' ಎಂಬ ನಮೂನೆ ಸೂರಿನ ಅಡಿಗೆ ಸರಿಯಿರಬಹುದು, ಗಾಳಿಯೊಂದಿಗೆ ಅಡ್ಡ ಹೊಡೆಯುವ ಆಷಾಢದ ಮಳೆಗೆ ಅದು ಒಗ್ಗುವುದಿಲ್ಲ. ನಮ್ಮದರಲ್ಲಿ ವಿದ್ಯುತ್ ಪೂರೈಸುವ ಪೆಟ್ಟಿಗೆಯೇ ತುಕ್ಕು ಹಿಡಿಯಿತು, ನೀರಿನಿಂದಾದ ಹಾನಿ ವಾರಂಟಿಗೆ ಬರುವುದಿಲ್ಲವೆಂದು ಮಾರಿದವರು ಕೈತೊಳೆದುಕೊಂಡರು. ದೀಪಗಳ ನಡುವೆ ಸಿಲಿಕೋನ್ ತುಂಬಿ ಮುಚ್ಚಿದ, ಹೊರಾಂಗಣದ ನಮೂನೆಯನ್ನೇ ಕೇಳಿ ಪಡೆಯುವುದು ಲೇಸು.

ಇಷ್ಟೆಲ್ಲ ದೂರಿದರೂ ಬೋರ್ಡನ್ನು ಇಳಿಸುವ ಮನಸ್ಸು ಬಂದಿಲ್ಲ, ಏಕೆಂದರೆ ಅದರ ನಿಜವಾದ ಉಪಯೋಗ ತಡವಾಗಿ ತಿಳಿಯಿತು. ಅಳವಡಿಸಿದ ಹುಡುಗರು 'ಸುಸ್ವಾಗತ'ದಿಂದ ತೊಡಗಿ ಎಲ್ಲ ಪದಾರ್ಥಗಳ ಹೆಸರನ್ನೂ ಒಂದೇ ಉದ್ದನೆಯ ಓಡುವ ಸಾಲಾಗಿ ತುಂಬಿಸಿ ಹೋಗಿದ್ದರು. ಅದು ಪೂರ್ತಿ ಓಡಿ ಮುಗಿಯಲು ಅರ್ಧ ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿತ್ತು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುವ ವಾಹನಕ್ಕೆ 50 ಮೀಟರ್ ದೂರದಿಂದ ಬೋರ್ಡ್ ಕಂಡರೆ, ಓದಲು ಸಿಗುವುದು ಸುಮಾರು ಆರು ಸೆಕೆಂಡು. ಸಿಗಂದೂರಿಗೆ ಹೋಗುವ ಭಕ್ತರಿಗೆ ಒಮ್ಮೆ 'ಸುಸ್ವಾ' ಕಂಡರೆ ಮತ್ತೊಮ್ಮೆ ಬರೀ 'ಸಿಪ್ಪೆ' ಕಂಡಿರಬೇಕು! ಈಗ ಓಟವನ್ನು ನಿಲ್ಲಿಸಿ, ದಿನಕ್ಕೊಂದು ಪದಾರ್ಥವನ್ನು ಎರಡೇ ಮಾತಿನಲ್ಲಿ ಸ್ಥಿರವಾಗಿ ತೋರಿಸುತ್ತೇವೆ.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಊದುಬತ್ತಿ ಹಚ್ಚಿ, ಕಪಾಟಿನ ಕಡೆ ಒಮ್ಮೆ ಕಣ್ಣಾಡಿಸಿ, ಇವತ್ತು ಯಾವುದನ್ನು ಹಾಕೋಣವೆಂದು ಮನೆಯವಳೊಂದಿಗೆ ಚರ್ಚಿಸುವುದು ನನಗೆ ಕಾಫಿಯಷ್ಟೇ ರೂಢಿಯಾಗಿದೆ. ಆಲೆಮನೆಯ ಕಾಲದಲ್ಲಿ 'ಹೊಸ ಜೋನಿಬೆಲ್ಲ', ಬೇಸಿಗೆಯಲ್ಲಿ 'ಹಲಸಿನ ಹಪ್ಪಳ', ಮಳೆ ಹಿಡಿದರೆ 'ಮುರುಗಲು ಸಿಪ್ಪೆ'. ಅಪ್ಪೆಮಿಡಿಯ ಸರದಿಯ ದಿನ ಬಸ್ಸಿಳಿದು ನೇರ ಒಳಬಂದ ಹಿರಿಯರೊಬ್ಬರು, "ಇಷ್ಟು ವರ್ಷ ಇದೇ ದಾರೀಲಿ ಓಡಾಡಿದೀನಿ ಮಾರಾಯ್ರೆ, ಇಲ್ಲಿ ಮಿಡಿ ಸಿಗ್ತದೆ ಅಂತ ಗೊತ್ತೇ ಇರ್ಲಿಲ್ಲ" ಎಂದರು. ನಾವು ಆ ಉಪ್ಪಿನಕಾಯಿಯನ್ನು ಮೊದಲಿನಿಂದಲೂ ಮಾರುತ್ತಿದ್ದೇವೆ.

ಋತುವಿಗೆ ತಕ್ಕಂತೆ ಸರಕು ಬದಲಾಗುವ ಅಂಗಡಿಯವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ವರ್ಷವಿಡೀ ಒಂದೇ ಸೇವೆ ಕೊಡುವ ಟೈಲರ್ ಅಂಗಡಿಗೋ ಕ್ಷೌರದಂಗಡಿಗೋ ಒಳ್ಳೆಯ ಬಣ್ಣದ ಫಲಕವೇ ಸಾಕು. ಕೊಳ್ಳುವವರು ಹಣ ಕೊಡುವ ಮುಂಚೆ ತಮ್ಮ ಸರಕಿನ ಹೆಸರನ್ನು ಮಾರುವವರ ಎದುರಿಗೇ ಬೋರ್ಡಿನ ಮೇಲೆ ಹಾಕಿಸಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಓದಿ ನೋಡಬೇಕು.