ಫ್ರೇಜರ್ ಟೌನ್‌ನ ಶನಿವಾರದ ಗ್ರೀಕ್ ಕ್ಲಾಸ್

ಹಳೇ ಗ್ರೀಕ್ ಕಲಿಯುವ ಆಸೆ ಇದ್ದರೆ ಖಂಡಿತ ಸೇರಿಕೊಳ್ಳಿ. ಬೆಂಗಳೂರಿನ ಕೋಲ್ಸ್ ಪಾರ್ಕ್ ಹತ್ತಿರ ಒಂದು ಮನೆಯ ಮಹಡಿ ಮೇಲೆ, ಶನಿವಾರ ಸಂಜೆ ಪಾಠ. ಬೈಬಲ್ ಓದಲು ಬರುವವರೇ ಜಾಸ್ತಿ. ನಾನು ವ್ಯಾಕರಣದ ಆಸೆಗೆ ಸೇರಿದವನು. ಬಸವನಗುಡಿಯಿಂದ ಅಷ್ಟು ದೂರ ಹೋಗುವುದು ಮೇಷ್ಟ್ರು ಕ್ರಿಯಾಪದ ಬಿಡಿಸಿ ಹೇಳುವ ರೀತಿಗೆ.

ಗ್ರೀಕ್‌ನಲ್ಲಿ ಪರ್ಫೆಕ್ಟ್ ಅಂತ ಒಂದು ರೂಪ ಇದೆ. ಕೆಲಸ ಆಗಿಹೋಗಿದೆ, ಅದರ ಫಲ ಈಗಲೂ ಉಳಿದಿದೆ ಅನ್ನುವಾಗ ಬರುವಂಥದ್ದು. ಮೇಷ್ಟ್ರು ಉದ್ದದ ವಿವರಣೆಗೆ ಹೋಗಲಿಲ್ಲ. ಬೋರ್ಡ್ ಮೇಲೆ ಎರಡೇ ಪದ ಬರೆದರು. 'ಅಪೆಥನೆ' ಅಂದರೆ ಸತ್ತ. 'ತೆಥ್ನೇಕೆ' ಅಂದರೆ ಸತ್ತಿದ್ದಾನೆ. ಅಷ್ಟೇ! ಕನ್ನಡದವರಿಗೆ ಇನ್ನೇನು ಬೇಕು?

ರೂಪ ಕಟ್ಟುವ ಬಗೆ ಇನ್ನೂ ಚೆಂದ. ಮೊದಲ ವ್ಯಂಜನವನ್ನು ಎ ಸ್ವರದ ಜೊತೆ ಮುಂದೆ ಇನ್ನೊಂದು ಸಲ ಹಚ್ಚುತ್ತಾರೆ. 'ಗ್ರಫೋ' ಅಂದರೆ ಬರೆಯುತ್ತೇನೆ, 'ಗೆಗ್ರಫ' ಅಂದರೆ ಬರೆದಿದ್ದೇನೆ. ಪಿಯುಸಿಯಲ್ಲಿ ಸಂಸ್ಕೃತ ತೊಗೊಂಡವರಿಗೆ ತಕ್ಷಣ 'ಬಭೂವ' (ಆದನು) ನೆನಪಾಗುತ್ತದೆ, ಅಲ್ವಾ? ಅಲ್ಲಿ ಧಾತು ಭೂ, ಆದರೆ ಮುಂದೆ ಬಂದದ್ದು ಬ. ಇಲ್ಲೂ ಹಾಗೇ. 'ತೆಥ್ನೇಕೆ'ಯಲ್ಲಿ ಥ ಮುಂದೆ ಬರುವಾಗ ತ ಆಗಿದೆ. ಹೀಗೆ ಅಕ್ಷರ ಮರುಕಳಿಸುವಾಗ ಒಂದರ ಪಕ್ಕ ಒಂದು ಮಹಾಪ್ರಾಣ ಎರಡು ಭಾಷೆಗೂ ಒಗ್ಗದು. ಮೇಷ್ಟ್ರು ಇದನ್ನು ಕನ್ನಡ ಲಿಪಿಯಲ್ಲೇ ಬರೆದು ತೋರಿಸಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಆಮೇಲೆ ಬೈಬಲಿನ ಯೋಹಾನನ ಸುವಾರ್ತೆ 19:22 ಓದಿಸಿದರು. ಯೇಸುವಿನ ಶಿಲುಬೆಯ ಮೇಲಿನ ಬರಹ ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರರಲ್ಲೂ ಇದೆ. ಅದರಲ್ಲಿ 'ಯೆಹೂದ್ಯರ ಅರಸ' ಅಂತ ಬರೆಯಬೇಡ ಎಂದು ಮುಖ್ಯ ಯಾಜಕರು ರೋಮನ್ ರಾಜ್ಯಪಾಲ ಪಿಲಾತನಿಗೆ ಹೇಳುತ್ತಾರೆ. ಅವನ ಉತ್ತರ: 'ಹೊ ಗೆಗ್ರಫ, ಗೆಗ್ರಫ.' ಬರೆದದ್ದು ಬರೆದಾಯಿತು, ಇನ್ನು ತಿದ್ದಲ್ಲ. ಆ ಬಿಗಿಯೆಲ್ಲ ಕ್ರಿಯಾಪದದ ರೂಪದಲ್ಲೇ ಇದೆ.

ಕೊರತೆ ಅಂದರೆ ನೋಟ್ಸ್. ಜೆರಾಕ್ಸ್‌ನ ಜೆರಾಕ್ಸ್ ಕೊಡುತ್ತಾರೆ. 'ಹೊ' ಪದದ ಹ ಧ್ವನಿಗೆ ಗ್ರೀಕ್‌ನಲ್ಲಿ ಬೇರೆ ಅಕ್ಷರ ಇಲ್ಲ, ಸ್ವರದ ತಲೆ ಮೇಲೆ ಒಂದು ಸಣ್ಣ ಕೊಕ್ಕೆ ಅಷ್ಟೇ. ನಮ್ಮ ಪ್ರತಿಯಲ್ಲಿ ಆ ಕೊಕ್ಕೆಯೇ ಅಳಿಸಿಹೋಗಿತ್ತು. ಹೊಸಬರು ಅದನ್ನು ಸುಮ್ನೆ 'ಒ' ಅಂತ ಓದಿಬಿಡುತ್ತಾರೆ. ಇಷ್ಟು ಒಳ್ಳೆಯ ಪಾಠಕ್ಕೆ ನೀಟಾಗಿ ಟೈಪ್ ಮಾಡಿಸಿದ ಹಾಳೆ ಕೊಡಲೇಬೇಕು. ಮನೆಪಾಠವನ್ನೂ ಎಲ್ಲರದ್ದೂ ತಿದ್ದಿಕೊಡುವುದಿಲ್ಲ, ಕೇಳಿ ತಿದ್ದಿಸಿಕೊಳ್ಳಬೇಕು.

ಸೇರುವ ಮುಂಚೆ ಗ್ರೀಕ್ ಅಕ್ಷರ ಕಲಿತುಕೊಂಡು ಹೋಗಿ. 24 ಅಕ್ಷರ, ಅಷ್ಟೇನೂ ಕಷ್ಟವಲ್ಲ. ಇಲ್ಲದಿದ್ದರೆ ಮೊದಲ ಪಾಠಗಳು ಅದಕ್ಕೇ ಹೋಗುತ್ತವೆ.